ಕಾಮಣ್ಣನ ಕಟ್ಟಿಗೆಗೆ ಪೊಲೀಸ್ ಕಾವಲು

ಹುಡುಗರನ್ನು ತಿದ್ದಲು ಹೋದವರು ತಾವೇ ತಿದ್ದಿಸಿಕೊಂಡು ಬರುವುದು ನಮ್ಮ ಸವದತ್ತಿ ಕಡೆ ಹೊಸದೇನಲ್ಲ. ತೊಂಬತ್ತರ ದಶಕದಲ್ಲಿ ನಾನು ಇಲ್ಲಿ ಹವಾಲ್ದಾರನಾಗಿದ್ದಾಗ ಒಂದೇ ಹೋಳಿಯಲ್ಲಿ ಅದು ಮೂರು ಸಲ ನಡೆಯಿತು.

ಹೋಳಿ ಬಂತೆಂದರೆ ಕಾಮಣ್ಣನನ್ನು ಸುಡಲು ಹುಡುಗರು ಮನೆಮನೆಯ ಕಟ್ಟಿಗೆ, ಸಗಣಿಯ ಕುಳ್ಳು ಕದಿಯುತ್ತಾರೆ. ಅದನ್ನು ಊರಲ್ಲಿ ಯಾರೂ ಕಳವು ಅನ್ನುವುದಿಲ್ಲ. ಮೈಸೂರು ಕಡೆಯಿಂದ ಬಂದ ಹೊಸ ಸಾಹೇಬರು ಅಂದರು: "ಇವತ್ತು ಕುಳ್ಳು, ನಾಳೆ ಮನೆ ಬೀಗ. ಅಪರಾಧ ಶುರುವಾಗೋದೇ ಹೀಗೆ ಕಣ್ರೀ. ಈ ಸಲ ಒಂದೇ ಒಂದು ದೂರು ಬಂದರೂ ನಿಮ್ಮನ್ನ ರಾಮದುರ್ಗಕ್ಕೆ ವರ್ಗ ಮಾಡಿಸ್ತೀನಿ."

ಮಗಳ ಎಸ್ಸೆಸ್ಸೆಲ್ಸಿ ಪರೀಕ್ಷೆ ಹತ್ತಿರ ಬಂದಿತ್ತು. ಈಗ ಊರು ಬಿಡುವಂತಿರಲಿಲ್ಲ.

೧. ಭಾಷಣ

ಸಾಹೇಬರು ಸಾಲಿಗೆ ಹೋಗಿ ಮಕ್ಕಳ ಮುಂದೆ ಕಳ್ಳತನದ ಮೇಲೆ ಗಂಟೆಗಟ್ಟಲೆ ಮಾತಾಡಿದರು. ಹೆಡ್‌ಮಾಸ್ತರರು ಪ್ರತಿ ಮಾತಿಗೂ ತಲೆಯಾಡಿಸಿದರು. ಕೊನೆಗೆ ಸಾಹೇಬರು, "ಏನಾದರೂ ಕೇಳೋದಿದೆಯಾ?" ಅಂದರು.

ಒಬ್ಬ ಹುಡುಗ ಎದ್ದುನಿಂತ. "ಸಾಯೇಬ್ರ, ನಿಮ್ಮ ಕ್ವಾರ್ಟರ್ಸ್ ಹಿಂದ ಒಂದು ಮುರುಕು ಮಂಚ ಐತ್ರಿ. ಅದನ್ನೂ ಮುಟ್ಟಬಾರದೇನ್ರಿ?"

"ಅದು ನಿನಗೆ ಹೇಗೋ ಗೊತ್ತು?"

"ನೀವು ಸಾಮಾನು ಇಳಿಸಿದ ದಿನಾನ ನೋಡೇವ್ರಿ. ಅದು ನಮ್ಮ ಓಣಿ ಪಾಲಿಗೆ ಬಂದೈತ್ರಿ. ಕೆಳಗಿನ ಓಣ್ಯಾವ್ರು ಬಂದ್ರ ಕೊಡಬ್ಯಾಡ್ರಿ ಮತ್ತ."

೨. ಕಾವಲು

ಭಾಷಣ ನಾಟಲಿಲ್ಲವೆಂದು ಸಾಹೇಬರು ಮಹಾ ತುಂಟರನ್ನೇ ಆರಿಸಿ, ಕೊರಳಿಗೆ ಸೀಟಿ ಹಾಕಿ, ಓಣಿ ಕಾಯಲು ಬಿಟ್ಟರು. ಕಳ್ಳರೇ ಕಾವಲಿಗೆ ನಿಂತ ಮೇಲೆ ಕದಿಯುವವರು ಯಾರು? ಊರು ತಣ್ಣಗಾಯಿತು.

ಆದರೆ ಒಬ್ಬ ಅಜ್ಜಿ ಠಾಣೆಗೆ ಬಂದು ನನ್ನ ಮುಂದೆ ಕುಂತಳು. "ದೂರು ಬರಕೋಳಪ್ಪಾ."

ಕಣ್ಣ ಮುಂದೆ ರಾಮದುರ್ಗದ ಬಸ್ಸು ಬಂದು ನಿಂತಿತು. "ಏನು ಕಳುವಾತಬೇ?"

"ಏನೂ ಆಗಿಲ್ಲ, ಅದಕ್ಕ ಬಂದೇನಿ! ಬಣವಿಯಷ್ಟು ಕುಳ್ಳು ಒಟ್ಟೇನಿ, ಒಂದೂ ಯಾರೂ ಮುಟ್ಟವಲ್ರು. ಸೊಸಿ ಬಸರಿ ಅದಾಳ. ಹೆರಿಗಿ ಸುಸೂತ್ರ ಆಗಾಕ ನಮ್ಮ ಮನೀದು ಕಾಮಣ್ಣಗ ಮುಟ್ಟಬೇಕೋ ಬ್ಯಾಡೋ?"

"ನೀನ ಒಯ್ದು ಕೊಡಬೇ."

"ಕೊಟ್ರ ನಡಿಯೂದಿಲ್ಲೋ, ಕದ್ದದ್ದ ಆಗಬೇಕು. ಇಷ್ಟೂ ತಿಳೀದ ನಿನಗ ನೌಕರಿ ಯಾರು ಕೊಟ್ರು?"

ಕಳವಾಗಿಲ್ಲವೆಂಬ ದೂರನ್ನು ಯಾವ ಕಲಮಿನಡಿ ಬರೆಯಬೇಕೋ ತಿಳಿಯದೆ, ಅಜ್ಜಿಗೆ ಚಹಾ ಕುಡಿಸಿ ಕಳಿಸಿದೆ.

೩. ಕಬಡ್ಡಿ

ಹುಣ್ಣಿಮೆಯ ದಿನ ಸಾಹೇಬರು ಊರಿನ ಹುಡುಗರನ್ನೆಲ್ಲ ಸಾಲಿ ಮೈದಾನಕ್ಕೆ ಕರೆಸಿ ಮಧ್ಯಾಹ್ನದಿಂದ ಕಬಡ್ಡಿ ಆಡಿಸಿದರು. ಗೇಟಿಗೆ ನಾನೇ ನಿಂತಿದ್ದೆ. ಒಬ್ಬನೂ ಹೊರಗೆ ಹೋಗಲಿಲ್ಲ. ಸಂಜೆ ಎಲ್ಲರನ್ನೂ ಕರೆದುಕೊಂಡು ಕಾಮಣ್ಣನ ಹತ್ತಿರ ಬಂದೆವು.

ಅಬ್ಬಾ! ಅಷ್ಟು ದೊಡ್ಡ ಕಟ್ಟಿಗೆಯ ಒಟ್ಟಿಲನ್ನು ನಾನು ಹುಟ್ಟಿದಾಗಿನಿಂದ ನೋಡಿರಲಿಲ್ಲ. ಹುಡುಗರಿಲ್ಲದ ಊರಲ್ಲಿ ದೊಡ್ಡವರೇ ಟೊಂಕ ಕಟ್ಟಿದ್ದರು. ಅಜ್ಜಿಯ ಕುಳ್ಳನ್ನು ನೆರೆಯವಳು ಕದ್ದಿದ್ದಳು, ನೆರೆಯವಳದನ್ನು ಅಜ್ಜಿ ಕದ್ದಿದ್ದಳು. ಹೆಡ್‌ಮಾಸ್ತರರು ಯಾರದೋ ಮನೆಯ ಬಾಗಿಲ ಚೌಕಟ್ಟು ಹೊತ್ತು ಬರುತ್ತಿದ್ದವರು, ನಮ್ಮನ್ನು ಕಂಡು ಅಲ್ಲೇ ಅದರೊಳಗೆ ನಿಂತುಬಿಟ್ಟರು. ಎಲ್ಲಕ್ಕಿಂತ ಮೇಲೆ, ನಾಲ್ಕೂ ಕಾಲು ಆಕಾಶಕ್ಕೆ ಮಾಡಿಕೊಂಡು, ಸಾಹೇಬರ ಮಂಚ ಕೂತಿತ್ತು.

"ನನ್ನ ಮಂಚ! ಮನೇಲಿ ಯಾರೂ ನೋಡಲಿಲ್ವಾ?" ಸಾಹೇಬರು ಕೂಗಿದರು.

ಹೆಂಗಸರ ಗುಂಪಿನಿಂದ ಅವರ ಹೆಂಡತಿಯೇ ಮುಂದೆ ಬಂದರು. "ಇವರೇ ಕೇಳೋಕೆ ಬಂದ್ರು ಕಣ್ರೀ. ತಗೊಂಡು ಹೋಗಿ ಅಂದೆ. ಕೊಟ್ಟರೆ ನಡೆಯಲ್ಲವಂತೆ. ಅದಕ್ಕೇ ನಾನು ಆ ಕಡೆ ತಿರುಗಿ ನಿಂತ್ಕೊಂಡೆ."

ಸೀಟಿಯ ಹುಡುಗನೊಬ್ಬ ಸಾಹೇಬರಿಗೆ ಸಮಾಧಾನ ಹೇಳಿದ: "ಮುಂದಿನ ವರ್ಷ ಈ ದೊಡ್ಡವರನ್ನ ಕಬಡ್ಡಿಗೆ ಒಯ್ರಿ ಸಾಯೇಬ್ರ. ಊರು ನಾವು ಕಾಯ್ತೇವಿ."

ನನಗೆ ನಗು ಬರಲಿಲ್ಲ. ಊರಲ್ಲಿ ಇನ್ನಾರೂ ದೂರು ಕೊಡುವವರಲ್ಲ, ಸಾಹೇಬರೊಬ್ಬರೇ ಉಳಿದವರು. ಮಗಳನ್ನು ನೆನೆದು, ಅಂಜುತ್ತಲೇ ಕೇಳಿದೆ: "ಸಾಹೇಬ್ರ, ದೂರು ಬರಕೊಳ್ಲೇನ್ರಿ?"

ಸಾಹೇಬರು ಮಂಚ ನೋಡಿದರು, ಹೆಂಡತಿಯನ್ನು ನೋಡಿದರು. ಆಮೇಲೆ ಟೊಪ್ಪಿಗೆ ಸರಿಮಾಡಿಕೊಂಡು, ತಾವೂ ಮೆಲ್ಲಗೆ ಆ ಕಡೆ ತಿರುಗಿ ನಿಂತರು.