ಹೇಳಿದವರಿಗೆ ಹಿಟ್ಟು

ಕುಷ್ಟಗಿಯಲ್ಲಿ ಎರಡು ಸೇರು ಜೋಳ ಬೀಸಿಸಿಕೊಳ್ಳಲು ಪರೀಕ್ಷೆ ಪಾಸಾಗಬೇಕಿತ್ತು ಎಂದರೆ ನೀವು ನಂಬುತ್ತೀರಾ? ಪರೀಕ್ಷಕರು ನನ್ನ ಸೋದರಮಾವ. ಅವರ ಹಿಟ್ಟಿನ ಗಿರಣಿಯ ಬಾಗಿಲಿಗೆ, ಯಾವುದೋ ಶಾಲೆಯವರು ಬೇಡವೆಂದು ಹೊರಗಿಟ್ಟಿದ್ದ ಕರಿಹಲಗೆಯೊಂದನ್ನು ಒರಗಿಸಿದ್ದರು. ದಿನಾ ಬೆಳಿಗ್ಗೆ ಅದರ ಮೇಲೆ ಒಂದು ಸಂಗತಿ ಬರೆಯುವುದು. ಇವತ್ತು ಭಾಷೆ, ನಾಳೆ ಚರಿತ್ರೆ, ನಾಡಿದ್ದು ಲೋಕಜ್ಞಾನ. ಓದಿ ಸುಮ್ಮನಿದ್ದರೆ ಮುಗಿಯುತ್ತಿರಲಿಲ್ಲ. ಹಿಂದಿನ ಸಲ ಓದಿದ್ದನ್ನು ಈ ಸಲ ಬಾಯಲ್ಲಿ ಹೇಳಬೇಕು. ಹೇಳದವರ ಡಬ್ಬಿ ಸಾಲಿನ ಕೊನೆಗೆ!

ಜನ ಬೇರೆ ಗಿರಣಿಗೆ ಹೋಗಬಹುದಿತ್ತಲ್ಲ? ಹೋಗಲಿಲ್ಲ. ಬೈಯುತ್ತಲೇ ಬರುತ್ತಿದ್ದರು. ‘ಕುರ್ಚಿ ಎಂಬುದು ಅರಬ್ಬಿಯಿಂದ ಬಂದ ಮಾತು’ ಎಂದು ಬರೆದ ದಿನ ಒಬ್ಬಳು ಕೇಳಿದಳು, “ಅಷ್ಟ ದೂರದಿಂದ ಬಂದೈತಿ ಅಂತೀರಿ, ನಮಗ ಕೂಡಾಕ ಒಂದರ ಹಾಕ್ರಲ್ಲ.” ಆಕ್ಟೋಪಸ್ಸಿಗೆ ಮೂರು ಹೃದಯ ಎಂದು ಬರೆದಾಗ ಮುದುಕರೊಬ್ಬರು ಎದೆ ಮುಟ್ಟಿಕೊಂಡು, “ಇದೊಂದಕ್ಕ ಗುಳಿಗಿ ನುಂಗಿ ಸಾಕಾಗೇತಿ. ಅದರ ಗತಿ ಏನೋ ಮಾರಾಯ” ಎಂದು ಮರುಗಿದರು.

ಬರೆಯುವ ಹುಚ್ಚಿಗಿಂತ ದೊಡ್ಡದು ತಿದ್ದುವ ಹುಚ್ಚು. ಒಮ್ಮೆ ತಿಮಿಂಗಿಲವನ್ನು ಮೀನು ಎಂದು ಬರೆದುಬಿಟ್ಟರು. ತಪ್ಪೆಂದು ತಿಳಿದದ್ದೇ ತಡ, ಹಲಗೆ ಓದಿದವರ ಮನೆಮನೆಗೆ ಹೋಗಿ ಅದನ್ನು ವಾಪಸು ತೆಗೆದುಕೊಂಡರು. ಓದಿದವರಲ್ಲೊಬ್ಬ ಅವತ್ತು ಮದುಮಗ. ಮಾವ ಅಕ್ಷತೆ ಹಾಕುವ ನೆಪದಲ್ಲಿ ಮಂಟಪ ಹತ್ತಿ, “ತಮ್ಮಾ, ತಿಮಿಂಗಿಲ ಮೀನಲ್ಲಪ. ಮರಿಗೆ ಹಾಲು ಕುಡಸ್ತೈತಿ” ಎಂದರು. ಮದುವೆಯ ಆಲ್ಬಮ್ಮಿನಲ್ಲಿ ಆ ಹುಡುಗ ಇವತ್ತಿಗೂ ಬಾಯಿ ತೆರೆದುಕೊಂಡೇ ನಿಂತಿದ್ದಾನೆ.

ಇಲ್ಲಿಯವರೆಗೆ ಬರೆಯುವುದು ಸುಲಭ. ಮುಂದಿನದಕ್ಕೆ ನನ್ನ ಕೈ ಹಿಂದೆ ಸರಿಯುತ್ತದೆ.

ಕಳೆದ ಮಳೆಗಾಲದಲ್ಲಿ ಒಂದು ದಿನ ಮಾವ ಯಾವುದೋ ಹಳೆಯ ಪುಸ್ತಕ ನೋಡಿ, ಹಾವು ಕಚ್ಚಿದರೆ ಗಾಯದ ಮೇಲ್ಭಾಗಕ್ಕೆ ಬಿಗಿಯಾಗಿ ದಾರ ಕಟ್ಟಬೇಕು ಎಂದು ಬರೆದರು. ಸಂಜೆ ಗೋಧಿ ತಂದ ನರ್ಸ್ ಬಾಯಿ ಹಲಗೆಯ ಮುಂದೆ ನಿಂತೇಬಿಟ್ಟರು. “ಅಳಸ್ರಿ ಇದನ್ನ. ಬಿಗದ್ರ ಕಾಲ ಹೋಗತೈತಿ. ಅಲುಗಾಡಿಸದಂಗ ಲಗೂನ ದವಾಖಾನಿಗೆ ಒಯ್ಯಬೇಕು.”

ಮಾವ ಕತ್ತಲಾಗುವುದರೊಳಗೆ ಎಲ್ಲ ಮನೆ ಮುಗಿಸಿದರು. ಉಳಿದವಳು ಹನುಮವ್ವ ಒಬ್ಬಳೇ. ಬೆಳಿಗ್ಗೆ ಜೋಳ ಬೀಸಿಸಿಕೊಂಡು, ಹಲಗೆ ಓದಿ, ಹಳ್ಳದಾಚೆಯ ಮಗಳ ಊರಿಗೆ ಕಳೆ ತೆಗೆಯಲು ಹೋಗಿದ್ದಳು. ಅವಳ ಹತ್ತಿರ ಫೋನಿಲ್ಲ, ಮಗಳ ನಂಬರು ನಮಗೆ ಗೊತ್ತಿಲ್ಲ.

“ಶೇಂಗಾದ ಹೊಲ. ಹಾವು ಇರೂದ ಅಲ್ಲಿ. ನನ್ನ ಮಾತ ನಂಬಿ ಯಾರ ಕಾಲಿಗರ ಬಿಗದ್ಲಂದ್ರ?” ಎಂದು ಮಾವ ರಾತ್ರಿ ಊಟ ಬಿಟ್ಟರು. ಬೆಳಿಗ್ಗೆ ನನ್ನ ಸ್ಕೂಟಿಯ ಹಿಂದೆ ಕುಳಿತರು.

ಮೇಲೆಲ್ಲೋ ಮಳೆಯಾಗಿ ಹಳ್ಳ ತಗ್ಗಿನ ಸೇತುವೆಯ ಮೇಲೆ ಹರಿಯುತ್ತಿತ್ತು. ಆಚೆ ದಂಡೆಯ ಹೊಲದ ಬದುವಿನಲ್ಲಿ ನಾಲ್ಕಾರು ಹೆಂಗಸರು, ಅವರಲ್ಲಿ ಹನುಮವ್ವ. ಮಾವ ಕೂಗಿದರು. ನೀರಿನ ಸಪ್ಪಳ. ಅವಳು ಕಿವಿಗೆ ಕೈ ಹಚ್ಚಿ ತಲೆಯಾಡಿಸಿದಳು, ಕೇಳಿಸುತ್ತಿಲ್ಲ ಎಂದು.

ನಾನು ಅವರ ಅಂಗಿಯನ್ನು ಹಿಂದಿನಿಂದ ಹಿಡಿದಿದ್ದೆ. “ಮಾಮಾ, ನೀರು ಇಳೀಲಿ. ಮಧ್ಯಾಹ್ನ ಬರೂಣು.”

“ಹಾವು ಮಧ್ಯಾಹ್ನದ ತನಕ ಕಾಯತೈತೇನವಾ? ಬಿಡು. ಎರಡ ಹೆಜ್ಜಿ ಅಷ್ಟ.”

ಬಿಟ್ಟೆ.

ಮೊದಲ ಹೆಜ್ಜೆಗೆ ನೀರು ಪಾದದ ಗಂಟಿಗೆ ಬಂತು. ಎರಡನೆಯದಕ್ಕೆ ಮೊಣಕಾಲಿಗೆ. ಮೂರನೆಯ ಹೆಜ್ಜೆ ಇಟ್ಟು, ಎರಡೂ ಕೈ ಬಾಯಿಯ ಸುತ್ತ ಹಿಡಿದು ಕೂಗಿದರು. ಕೆಳಗೆ ಸೇತುವೆ ಕೊಚ್ಚಿಹೋಗಿತ್ತೇನೋ. ಬಿಳಿ ಅಂಗಿ ಒಮ್ಮೆ ತಿರುಗಿತು, ಅಷ್ಟೇ. ಮರುದಿನ ಕೆಳಗಿನ ಜಾಲಿ ಗಿಡಗಳ ಹತ್ತಿರ ಸಿಕ್ಕರು.

ದಿನಕ್ಕೆ ಎಷ್ಟು ಸಲ ಆ ದಂಡೆಗೆ ಹೋಗಿ ಬರುತ್ತೇನೋ ಲೆಕ್ಕವಿಲ್ಲ. ಕೆಲವು ಸಲ ಅಂಗಿ ಬಿಡುವುದೇ ಇಲ್ಲ. ಆದರೂ ಕೊನೆಗೆ ನೋಡಿದರೆ ಕೈ ಖಾಲಿ. ಬಿ.ಎ. ಓದುವಾಗ ಅದೆಷ್ಟು ರಾಜರು ಸತ್ತ ಬಗೆಯನ್ನು ಬಾಯಿಪಾಠ ಮಾಡಿದ್ದೆ! ಈ ಒಂದು ಸಾವು ಮಾತ್ರ ಬಾಯಿಗೆ ಬರುವುದಿಲ್ಲ. ಆ ಕೂಗು ಆಚೆ ಮುಟ್ಟಿತೋ ಇಲ್ಲವೋ, ಅದನ್ನು ಕೇಳುವ ಧೈರ್ಯವೂ ಬರಲಿಲ್ಲ.

ದಿವಸದ ಕಾರ್ಯ ಮುಗಿದ ಮೇಲೆ ಅತ್ತೆ ಗಿರಣಿಯ ಕೀಲಿಯನ್ನು ನನ್ನ ಕೈಗಿಟ್ಟರು. ಹಲಗೆಯ ಮೇಲೆ ನಾನು ಏನನ್ನೂ ಬರೆಯಲಿಲ್ಲ, ಯಾರನ್ನೂ ಏನೂ ಕೇಳಲಿಲ್ಲ. ವಾರದ ನಂತರ ಹನುಮವ್ವ ಬಂದಳು. ಡಬ್ಬಿ ಕೆಳಗಿಟ್ಟು, ಸೆರಗು ಸರಿಮಾಡಿಕೊಂಡು, ನಾನು ಕೇಳದಿದ್ದರೂ ಖಾಲಿ ಹಲಗೆಯ ಮುಂದೆ ನೆಟ್ಟಗೆ ನಿಂತಳು.

“ಹಾವು ಕಡದ್ರ ದಾರ ಕಟ್ಟಬಾರದು. ಅಲುಗಾಡಸಬಾರದು. ಲಗೂನ ದವಾಖಾನಿಗೆ ಒಯ್ಯಬೇಕು.”

ನಾನು ಎದ್ದು ಅವಳ ಹತ್ತಿರ ಹೋದೆ.

“ಕೇಳಿಸಿತ್ತೇನು ಹನುಮವ್ವ?”

“ಮೂರನೇ ಹೆಜ್ಜಿಗೆ ಪೂರಾ ಕೇಳಸ್ತು ತಂಗಿ. ಕೇಳಸ್ತು ಅಂತ ಕೈ ಎತ್ತಿದ್ನಿ. ನೋಡಿದ್ರು. ನೋಡಿ ನಕ್ರು.”

ನಾನು ಕಂಡದ್ದು ಬೆನ್ನು ಮಾತ್ರ.

ಅವಳು ಕಣ್ಣೊರೆಸಿಕೊಂಡು ಕೇಳಿದಳು, “ಪಾಸ್ ಆದ್ನೇನವಾ?”

ಅವಳ ಡಬ್ಬಿಯನ್ನು ಸಾಲಿನ ಮುಂದಕ್ಕೆ ಎತ್ತಿಟ್ಟು ಗಿರಣಿ ಚಾಲೂ ಮಾಡಿದೆ. ಆ ಸಪ್ಪಳದಲ್ಲಿ ಎಷ್ಟು ಅತ್ತರೂ ಯಾರಿಗೂ ಕೇಳಿಸುವುದಿಲ್ಲ.