ಹಳೇ ವಿಂಡೋಸ್ ತೆಗೀಬೇಕು

ಬಸವಪ್ರಭುವಿನ ಕಂಪ್ಯೂಟರು ಚಾಲೂ ಆಗುವಷ್ಟರಲ್ಲಿ ತಮ್ಮ ಬಡಾವಣೆ ಕೊಂಢವಾದಿಂದ ದೂರದ ಖರಾಡಿಗೆ ಹೋಗಿ ಬರಬಹುದು ಎಂದು ಮೊದಲು ಆಡಿಕೊಂಡವನು ಪಕ್ಕದ ಮನೆಯ ಅಂಬಾರಾಯ. "ಹೊಸಾ ಡ್ರೈವ್ ಹಾಕಿಸ್ರಿ ಪ್ರಭಣ್ಣಾ, ಕುದುರಿ ಓಡಿದಂಗ ಓಡ್ತದ," ಎಂದವನೂ ಅವನೇ. ಕಟ್ಟಡ ಕೆಲಸದ ಸುಪರ್‌ವೈಸರನಾದ ಅವನಿಗೆ ಸಿಮೆಂಟೊಂದನ್ನು ಬಿಟ್ಟು ಉಳಿದೆಲ್ಲ ವಿಷಯದಲ್ಲೂ ಅಪಾರ ಜ್ಞಾನ.

ಪ್ರಭು ಶನಿವಾರ ರಿಪೇರಿಯ ಮರಾಠಿ ಹುಡುಗ ವಿಕಾಸನನ್ನು ಕರೆಸಿ ಹೊಸ ಡ್ರೈವು, ಅದರೊಳಗೆ ಹೊಸ ವಿಂಡೋಸು ಹಾಕಿಸಿದ. ಭಾನುವಾರ ಬೆಳಗ್ಗೆ ಗುಂಡಿ ಒತ್ತಿದ್ದೇ ತಡ, ಯಂತ್ರ ಧಡಕ್ಕನೆ ಎದ್ದು ಕೂತಿತು. ಆದರೆ ಪರದೆ ಬೋಳು. ಮೂರು ವರ್ಷ ಕೂತು ಬರೆದ ಅವನ ನಾಟಕ ಎಲ್ಲೂ ಇಲ್ಲ! ಅದು ಹಳೇ ಡ್ರೈವಿನ ಹಳೇ ವಿಂಡೋಸಿನಲ್ಲೇ ಉಳಿದುಬಿಟ್ಟಿತ್ತು.

ಅಂದು ಸಂಜೆಯೇ ಕನ್ನಡ ಸಂಘದಲ್ಲಿ ಅದನ್ನು ಓದಬೇಕು. ಯಾರಾದರೂ ಕದ್ದಾರೆಂದು ಪ್ರಭು ಇನ್ನೊಂದು ಪ್ರತಿ ಮಾಡಿರಲಿಲ್ಲ. ಹೆಂಡತಿ ನೀತಾಳಿಗೂ ತೋರಿಸಿರಲಿಲ್ಲ. ಅವನು ಓದದಿದ್ದರೆ ಆ ಹೊತ್ತಿನಲ್ಲಿ ತಮ್ಮ ಕವನ ವಾಚಿಸಲು ಸಂಘದ ಕಾರ್ಯದರ್ಶಿ ಫಕೀರಪ್ಪನವರು ತುದಿಗಾಲಲ್ಲಿ ನಿಂತಿದ್ದರು. ಅವರು ಶುರು ಮಾಡಿದರೆಂದರೆ ವಾಚ್‌ಮನ್ ಬಂದು ದೀಪ ಆರಿಸುವವರೆಗೆ ಬಿಡುಗಡೆಯಿಲ್ಲ.

"ಹಳೇ ವಿಂಡೋಸ್ ತೆಗೀಬೇಕು! ಹಳೇ ವಿಂಡೋಸ್ ತೆಗೀಬೇಕು!" ಎನ್ನುತ್ತ ಪ್ರಭು ಮನೆ ತುಂಬ ಓಡಾಡಿದ.

"ತೆಗಸ್ರಲ್ಲ, ಯಾರ್ ಬ್ಯಾಡಂದಾರ?" ಎಂದಳು ನೀತಾ, ಚಪಾತಿ ಲಟ್ಟಿಸುತ್ತ.

ಪ್ರಭು ವಿಕಾಸನಿಗೆ ಫೋನು ಹಚ್ಚಿ, ತಾನೇ ಮೆಚ್ಚಿಕೊಂಡಿದ್ದ ಮರಾಠಿಯಲ್ಲಿ, "ಜುನಾ ವಿಂಡೋಜ್ ಕಾಢಾಯಚಾ ಆಹೇ! ಲವಕರ ಯೇ!" ಎಂದು ಅದೇ ಮಾತು ಹೇಳಿ, ಬೇಗ ಬಾ ಎಂದ.

ವಿಕಾಸ ಬಂದ. ಸಂಜೆಗೆಂದು ಇಸ್ತ್ರಿಗೆ ಕೊಟ್ಟ ಜುಬ್ಬಾ ತರಲು ಪ್ರಭು ಹೋಗಿ ಬರುವಷ್ಟರಲ್ಲಿ ಕೆಲಸ ಮುಗಿಸಿ, ಹಳೇ ಡ್ರೈವನ್ನು ಚೀಲಕ್ಕೆ ಹಾಕಿಕೊಂಡು ಹೊರಟೂ ಹೋಗಿದ್ದ. ಕಂಪ್ಯೂಟರಿನ ಮುಂದೆ ಅಂಬಾರಾಯ ಚಹಾ ಹೀರುತ್ತಿದ್ದ.

"ಸಾಫ್ ಆತು ನೋಡ್ರಿ. ನಾ ಮುಂದ ನಿಂತು ತೆಗಸೀನಿ."

ಒಂದು ಕಾಲಿಗೆ ತನ್ನ ಚಪ್ಪಲಿ, ಇನ್ನೊಂದಕ್ಕೆ ನೀತಾಳದು ಮೆಟ್ಟಿಕೊಂಡು ಪ್ರಭು ವಿಕಾಸನ ಅಂಗಡಿಗೆ ಓಡಿದ. ಅಲ್ಲಿ ಹಳೇ ಡ್ರೈವು ತಿಕ್ಕಿ ತೊಳೆದ ಪಾತ್ರೆಯಂತೆ ಖಾಲಿಯಾಗಿ ಬೇರೆ ಯಾರದೋ ಯಂತ್ರದೊಳಗೆ ಕೂತಿತ್ತು. ಕಾಢಾ ಎಂದವರು ನೀವೇ ಅಲ್ಲವೇ ಎಂದು ವಿಕಾಸ ಕಣ್ಣು ಕಣ್ಣು ಬಿಟ್ಟ.

ತಪ್ಪು 'ತೆಗಿ' ಎಂಬ ಮಾತಿನದು. ನಮ್ಮಲ್ಲಿ ಬಾಗಿಲನ್ನೂ ತೆಗೆಯುತ್ತಾರೆ, ಹಲ್ಲನ್ನೂ ತೆಗೆಯುತ್ತಾರೆ. ಮರಾಠಿಯಲ್ಲಾದರೆ ಬಾಗಿಲಿಗೆ 'ಉಘಡಾ', ಹಲ್ಲಿಗೆ 'ಕಾಢಾ'. ಬಾಗಿಲು ತೆಗೆಸಲು ಹೋದ ಪ್ರಭು ಹಲ್ಲು ಕೀಳಿಸಿಕೊಂಡಿದ್ದ.

ಅವನಿಗೆ ಅಂಗಡಿಯಲ್ಲೇ ಅಳು ಬಂತು. ವಿಕಾಸ ಗಾಬರಿಯಾಗಿ ಅವನ ಭುಜ ಹಿಡಿದು ಸಮಾಧಾನ ಹೇಳಿದ: ತೆಗೆದದ್ದು ಬರೀ ವಿಂಡೋಸು, ಕಾಕಾ, ನಿಮ್ಮ ಸಾಮಾನೆಲ್ಲ ಹೊಸ ಡ್ರೈವಿನಲ್ಲಿ 'ಜುನಾ', ಅಂದರೆ ಹಳೇದು, ಎಂಬ ಫೋಲ್ಡರಿನೊಳಗೆ ಭದ್ರವಾಗಿದೆ. ಪ್ರಭು ಅವನನ್ನು ಗಟ್ಟಿಯಾಗಿ ತಬ್ಬಿಕೊಂಡ. ಆದರೂ ಕಣ್ಣಾರೆ ಕಂಡವರು ಹೇಳುವ ತನಕ ಜೀವ ತಡೆಯದು. ಮನೆಗೆ ಫೋನು ಹಚ್ಚಿದ. ಸದ್ಯ, ನೀತಾಳಿಗೆ ಮರಾಠಿಯಲ್ಲಿ ಹೇಳುವ ಗೊಡವೆಯಿಲ್ಲ. ಅಚ್ಚ ಕನ್ನಡವೇ ಸಾಕು.

"ನೀತಾ, ಕಂಪ್ಯೂಟರಿನ್ಯಾಗ 'ಜುನಾ' ಅಂತ ಒಂದು ಫೋಲ್ಡರ್ ಅದ. ಅದನ್ನ ಲಗೂನ ತೆಗಿ! ತೆಗದು ನನಗ ಫೋನ್ ಮಾಡು."

ಸ್ವಲ್ಪ ಹೊತ್ತಿಗೆ ಫೋನು ಬಂತು.

"ತೆಗದ್ನಿರೀ! ಕಸದ ಬುಟ್ಟಿನ್ಯಾಗ ಉಳೀತದ ಅಂತ ಅಂಬಾರಾಯಣ್ಣ ಅಂದ್ರು, ಅದನ್ನೂ ಖಾಲಿ ಮಾಡೀನಿ. ಒಂದಕ್ಷರ ಉಳದಿಲ್ಲ. ಮುಂಜಾನಿಂದ ತೆಗೀಬೇಕು ತೆಗೀಬೇಕು ಅಂತಿದ್ರಿ, ಈಗರ ಸಮಾಧಾನ ಆತಿಲ್ಲ?"

ಪ್ರಭು ಸ್ಟೂಲಿನ ಮೇಲೆ ಕುಸಿದ. ಫಕೀರಪ್ಪನವರು ಗಂಟಲು ಸರಿಮಾಡಿಕೊಳ್ಳುವ ಸದ್ದು ಆಗಲೇ ಕಿವಿಯಲ್ಲಿ ಕೇಳತೊಡಗಿತ್ತು. ವಿಕಾಸ ನೀರಿನ ಲೋಟ ಚಾಚಿ, ಆಸೆಯಿಂದ ಕೇಳಿದ: "ಉಘಡಲಾ ಕಾ, ಕಾಕಾ?"

"ನಾಹೀ ರೇ," ಎಂದ ಪ್ರಭು, ಆ ದಿನ ಮೊದಲ ಸಲ ಸರಿಯಾದ ಮರಾಠಿಯಲ್ಲಿ. "ಕಾಢಲಾ."