ಅರಬಸ್ತಾನದಲ್ಲಿ ನಿಂತ ಸಕ್ಕರೆ

ನಮ್ಮ ಕಾಕಾ ದಿನಕ್ಕೆ ಹತ್ತು ಸಲ ಇಂಗ್ಲೆಂಡಿಗೆ ಹೋಗಿಬರುತ್ತಾನೆ. ಅದೂ ಶಹಾಪುರದ ತನ್ನ ಕಿರಾಣಿ ಅಂಗಡಿಯ ತಕ್ಕಡಿ ಬಿಟ್ಟು ಏಳದೆ!

ಯಾರ ಬಾಯಿಂದಲಾದರೂ ಒಂದು ಇಂಗ್ಲಿಷ್ ಶಬ್ದ ಬಿದ್ದರೆ ಸಾಕು, ಅದರ ಅಪ್ಪ, ಅಜ್ಜ, ಮುತ್ತಜ್ಜರನ್ನೆಲ್ಲ ಎಬ್ಬಿಸಿ ಕೂರಿಸುತ್ತಾನೆ. ಓದಿದ್ದು ಎಸ್ಸೆಸ್ಸೆಲ್ಸಿ. ಗುರು ಯಾರೆಂದಿರಿ? ರದ್ದಿಯಲ್ಲಿ ಬಂದ, ರಟ್ಟು ಕಿತ್ತುಹೋದ ಒಂದು ದಪ್ಪ ನಿಘಂಟು. ಪೊಟ್ಟಣ ಕಟ್ಟಲೆಂದು ತಂದದ್ದರಲ್ಲಿ ಒಂದು ಹಾಳೆಯನ್ನೂ ಅವನು ಹರಿದಿಲ್ಲ. ಮೇಲಾಗಿ ಅವನದೊಂದು ಕಾಯಿದೆ: ಸಾಮಾನಿನ ಹೆಸರು ಇಂಗ್ಲೆಂಡ್ ಮುಟ್ಟುವವರೆಗೆ ಪೊಟ್ಟಣಕ್ಕೆ ದಾರ ಸುತ್ತುವುದಿಲ್ಲ.

ಒಮ್ಮೆ ಪಕ್ಕದ ಗೋಗಿ ಊರಿನ ಹೆಣ್ಣುಮಗಳೊಬ್ಬಳು ಒಣಶುಂಠಿ ಕೇಳಿದಳು.

"ಜಿಂಜರ್ ಅಂತಾರಲ್ಲ, ಅದು ಇಂಗ್ಲಿಷರದಲ್ಲವ್ವಾ. ನಮ್ಮ ಕಡಿಂದನ ಪಾಲಿ ಭಾಷಾಕ್ಕ ಹೋತು. ಅಲ್ಲಿಂದ ಗ್ರೀಕರ ಬಾಯಿಗೆ, ಆಮ್ಯಾಲ ಲ್ಯಾಟಿನ್ನಿಗೆ..."

"ಲಗೂ ಕಟ್ರಿ ಅಣ್ಣಾರ. ಅದು ಇಂಗ್ಲೆಂಡ್ ಮುಟ್ಟೋದ್ರಾಗ ನಮ್ಮ ಮಾವನ ಕೆಮ್ಮ ತಾನ ಹೋಗ್ತದ."

ಕಾಕಾ ಫ್ರಾನ್ಸನ್ನೂ ದಾಟಿಸಿಯೇ ದಾರ ಸುತ್ತಿದ.

ಹೋದ ವರ್ಷ ಸುರಪುರದವರು ನನ್ನನ್ನು ನೋಡಲು ಬಂದರು. ಹುಡುಗ ನನಗೆ ತುಂಬಾ ಹಿಡಿಸಿದ್ದ. ಮಾತುಕತೆ ಮುಗಿಯಿತು. ಇನ್ನು ನಮ್ಮ ಮನೆಯ ಹಿರಿಯರು ಎಲ್ಲರ ಬಾಯಿಗೆ ಸಕ್ಕರೆ ಹಾಕಿದರೆ ಸಂಬಂಧ ಗಟ್ಟಿ. ಅಪ್ಪ ನಾನು ಚಿಕ್ಕವಳಿದ್ದಾಗಲೇ ತೀರಿಕೊಂಡಿದ್ದ. ನನಗೆ ಅಕ್ಷರ ಕಲಿಸಿದ್ದೂ ತಕ್ಕಡಿಯ ಪಕ್ಕ ಕೂರಿಸಿಕೊಂಡು ಈ ಕಾಕಾನೇ. ಹಾಗಾಗಿ ತಟ್ಟೆ ಅವನ ಕೈಗೆ ಬಂತು. ಬಂತೋ, ಮುಗಿಯಿತು ಕತೆ!

"ಶುಗರ್ ಅನ್ನೋದು ಮೂಲದಾಗ ಸಂಸ್ಕೃತದ ಶರ್ಕರಾ ನೋಡ್ರಿ..."

ಶರ್ಕರಾ ಪಾರಸಿಗೆ ಹೋಗಿ ಶಕರ್ ಆಯಿತು. ಅರಬಸ್ತಾನಕ್ಕೆ ಹೋಗಿ ಸುಕ್ಕರ್ ಆಯಿತು. ಅಲ್ಲಿಗೆ ನಿಂತುಬಿಟ್ಟಿತು! ಕಾಕಾ ಮತ್ತೆ ಸಂಸ್ಕೃತದಿಂದ ಶುರು ಮಾಡಿದ. ಹುಡುಗನ ಅಪ್ಪ ಗಡಿಯಾರ ನೋಡಿದರು. ಮೂರನೆಯ ಸಲವೂ ಅದು ಅರಬಸ್ತಾನದಲ್ಲೇ ನಿಂತಾಗ ನನಗೆ ಸಿಟ್ಟೂ ಬಂತು, ಹೆದರಿಕೆಯೂ ಆಯಿತು. ಈ ಮನುಷ್ಯನ ಹುಚ್ಚಿಗೆ ನನ್ನ ಸಂಬಂಧ ಮುರಿಯುತ್ತದೋ ಏನೋ!

ಹುಡುಗನ ಅಜ್ಜಿ ಕೇಳಿಯೇಬಿಟ್ಟರು: "ಯಾಕ್ರಿ ಬೀಗರ, ಹುಡುಗ ಮನಸ್ಸಿಗೆ ಬಂದಿಲ್ಲೇನ್ರಿ?"

"ಬಂಗಾರದಂಥ ಹುಡುಗದಾನ್ರಿ," ಅಂದ ಕಾಕಾ. ತಟ್ಟೆ ಮಾತ್ರ ಅಲುಗಲಿಲ್ಲ.

ನಾನೇ ಬಗ್ಗಿ ಪಿಸುಗುಟ್ಟಿದೆ: "ಕಾಕಾ, ಮುಂದ ಹೇಳು. ಇಂಗ್ಲೆಂಡ್ ಮುಟ್ಟಸು."

ಅವನು ನನ್ನ ಮುಖ ನೋಡಲಿಲ್ಲ.

"ಮುಟ್ಟಿತಂದ್ರ ಹಂಚಬೇಕಾಗ್ತದವ್ವಾ. ಹಂಚಿದೆ ಅಂದ್ರ ನೀ ಅವರ ಮನ್ಯಾಕಿ."

ನನ್ನ ಸಿಟ್ಟೆಲ್ಲ ಕರಗಿಹೋಯಿತು. ತಟ್ಟೆಯಿಂದ ಒಂದು ಚಿಟಿಕೆ ತೆಗೆದು, ಎಲ್ಲರಿಗಿಂತ ಮೊದಲು ಅವನ ಬಾಯಿಗೆ ಹಾಕಿದೆ.